ವಿಭೂತಿ ಹಚ್ಚಿದ ಟೇಪ್ ಪ್ಲೇಯರ್

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚುವವಳು. ಸ್ಕ್ರೂಡ್ರೈವರ್ ಕೈಗೆ ಬಂದರೆ ಮಾತ್ರ ಎಲ್ಲಿಂದಲೋ ಧೈರ್ಯ ಬರುತ್ತಿತ್ತು. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಕಲಿಸಿದ ವಿದ್ಯೆ ಅದು. ಗುಜರಿಯಲ್ಲಿ ಸಿಕ್ಕ, ಅಂಗೈಯಗಲದ ಟೇಪ್ ಪ್ಲೇಯರುಗಳನ್ನು ಇಬ್ಬರೂ ಬಿಚ್ಚಿ, ಬೆಲ್ಟು ಬದಲಿಸಿ, ಜಾಝ್ ಸಂಗೀತ ಕೇಳುತ್ತಿದ್ದೆವು. ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬ ಊರಿಗೆ ಹೊರಡುವಾಗ ಅಪ್ಪನಿಗೆ ಒಂದು ಡಬ್ಬಿ ಜಾಝ್ ಕ್ಯಾಸೆಟ್ ಕೊಟ್ಟು ಹೋಗಿದ್ದ. ಮೊದಮೊದಲು ಯಾರೋ ಅಟ್ಟದಿಂದ ಪಾತ್ರೆ ಬೀಳಿಸಿದ ಹಾಗಿತ್ತು. ಆಮೇಲೆ ಬಿಡಲಾಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮದುವೆಯಾಗಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿದ್ದೆ. ಅಪ್ಪನ ಬಲಗಿವಿಯನ್ನು ಕಾರ್ಖಾನೆಯ ಸದ್ದು ಎಂದೋ ನುಂಗಿತ್ತು. ಈಗ ಎಡಗಿವಿ ಸೋರತೊಡಗಿತ್ತು. ಒಳಗೆ ಎಲುಬು ಹುಳುಕಾಗಿದೆ, ಬಿಟ್ಟರೆ ಮಿದುಳಿಗೆ ಏರುತ್ತದೆ, ಆಪರೇಷನ್ ಆದಮೇಲೆ ಕೇಳಿಸುವ ಖಾತ್ರಿ ಇಲ್ಲ ಎಂದರು ಡಾಕ್ಟರು. ಆಪರೇಷನ್ ವಿಜಯದಶಮಿಯ ಮಾರನೆಯ ದಿನಕ್ಕೆ ನಿಗದಿಯಾಯಿತು. ಹಬ್ಬದ ದಿನವೇ ಅಪ್ಪ, ಅವ್ವ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು.

ಅಪ್ಪ ಚೀಲದಿಂದ ಪ್ಲೇಯರ್ ತೆಗೆದು ನನ್ನ ಕೈಗಿಟ್ಟ. “ಇದು ತಿರುಗವಲ್ದು. ನಾಳೆ ಹೋಗೋದ್ರಾಗ ಒಂದ್ ಸಲ ಕೇಳ್ಬೇಕು” ಎಂದ.

ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಆಯುಧಪೂಜೆಗೆ ಅವ್ವ ಹೊಲಿಗೆ ಮಿಷನ್, ಮಿಕ್ಸಿ, ಸೈಕಲ್ಲಿಗೆ ಹಚ್ಚಿ ಇದನ್ನೂ ಬಿಟ್ಟಿರಲಿಲ್ಲ. “ಅದೂ ಮಿಷನ್ನೇ ಅಲ್ಲೇನು? ಆಪರೇಷನ್ ಬ್ಯಾರೆ ಐತೆ, ಹೆಂಗೆ ಬಿಡ್ಲಿ?” ಎಂದಳು. ವಿಭೂತಿಯನ್ನು ಧಾರಾಳವಾಗಿ ನೀರಲ್ಲಿ ಕಲಸಿದ್ದಳು. ಅದು ಮುಚ್ಚಳದ ಸಂದಿಯಿಂದ ಇಳಿದು, ಟೇಪನ್ನು ಎಳೆಯುವ ಪುಟ್ಟ ರಬ್ಬರ್ ಗಾಲಿಗೆ ಗಾರೆಯಂತೆ ಹಿಡಿದಿತ್ತು. ಅಪ್ಪನ ಮೆಚ್ಚಿನ ಕ್ಯಾಸೆಟ್ಟಿನ ಟೇಪು ಅಲ್ಲೇ ಅಂಟಿಕೊಂಡಿತ್ತು. ಅವ್ವನ ಮೇಲೆ ರೇಗಬೇಕೆಂದುಕೊಂಡೆ. ಅವಳ ಮುಖ ನೋಡಿ ಸ್ಕ್ರೂಡ್ರೈವರ್ ಹುಡುಕಿದೆ.

ಊಟದ ಮೇಜಿನ ಮೇಲೆ ಬಿಚ್ಚಿ ಕೂತೆ. ಸ್ಕ್ರೂಡ್ರೈವರ್ ಕೈಯಲ್ಲಿದ್ದರೂ ಅವತ್ತು ಧೈರ್ಯ ಬರಲಿಲ್ಲ. ಎಳೆದರೆ ಟೇಪು ಹರಿಯುತ್ತದೆ, ಎಳೆಯದಿದ್ದರೆ ಬರುವುದಿಲ್ಲ. ಹರಿದರೆ ಅಪ್ಪನಿಗೆ ಇನ್ನೊಂದು ಸಲ ಎಂಬುದು ಇರಲಿಕ್ಕಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒತ್ತುತ್ತಾ, ಕೂದಲೆಳೆಯಷ್ಟೇ ಬಿಡಿಸುತ್ತಾ ಹೋದೆ. ಅಪ್ಪ ಎದುರಿಗೆ ಕೂತು ನನ್ನ ಕೈಯನ್ನಲ್ಲ, ಮುಖವನ್ನೇ ನೋಡುತ್ತಿದ್ದ.

ಅಂತೂ ಟೇಪು ಬಿಟ್ಟುಕೊಂಡಿತು. ಗಾಲಿ ಒರೆಸಿ, ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಕೂರಿಸಿ ಒತ್ತಿದೆ. ತಿರುಗಿತು. ನನಗೆ ಅಳು ಬರುವುದೊಂದು ಬಾಕಿ. ಹೆಡ್‌ಫೋನನ್ನು ಅಪ್ಪನ ತಲೆಗೆ ನಾನೇ ಹಾಕಿದೆ. ಅವನು ಕಣ್ಣು ಮುಚ್ಚಿದ. ಅವನ ಕಾಲ್ಬೆರಳು ನೆಲ ತಟ್ಟತೊಡಗಿತು. ನಿಧಾನ, ನಮ್ಮಿಬ್ಬರಿಗೂ ಬಾಯಿಪಾಠವಾಗಿದ್ದ ಮೊದಲನೆಯ ಹಾಡಿನ ಲಯ. ಸ್ಯಾಕ್ಸೊಫೋನು ಏಳುವ ಕಡೆ ಹುಬ್ಬೂ ಎದ್ದಿತು.

“ಮೊದ್ಲಿನಂಗೇ ಐತೆ ಬಿಡವ್ವ. ಹೆದರಬ್ಯಾಡ” ಎಂದ.

ಆಗ ನನ್ನ ಕಣ್ಣು ವಾಲ್ಯೂಮಿನ ಮೇಲೆ ಬಿತ್ತು. ಸೊನ್ನೆಯಲ್ಲಿತ್ತು. ಒಮ್ಮೆಲೇ ಸದ್ದು ಬಡಿದು ಕಿವಿ ನೊಂದೀತೆಂದು ನಾನೇ ಇಳಿಸಿದ್ದೆ, ಏರಿಸಲು ಮರೆತಿದ್ದೆ. ಅವನಿಗೆ ಕಾಣದಂತೆ ಬೆರಳಿಟ್ಟು ತಿರುಗಿಸಿದೆ, ಸ್ವಲ್ಪ, ಇನ್ನೂ ಸ್ವಲ್ಪ, ಆಮೇಲೆ ಪೂರ್ತಿ. ಅಷ್ಟರಲ್ಲಿ ಮೊದಲನೆಯದು ಮುಗಿದು ಎರಡನೆಯ ಹಾಡು ಓಡುತ್ತಿತ್ತು. ಅದರ ಡ್ರಮ್ಮಿನ ಅಬ್ಬರ ಹೆಡ್‌ಫೋನಿನಿಂದ ಸೋರಿ ಮೇಜಿನಾಚೆ ಕೂತ ನನಗೆ, ಬಾಗಿಲಲ್ಲಿ ನಿಂತ ಅವ್ವನಿಗೆ ಕೇಳುತ್ತಿತ್ತು.

ಅಪ್ಪನ ಕಾಲ್ಬೆರಳು ಮೊದಲನೆಯ ಹಾಡನ್ನೇ ನಿಧಾನವಾಗಿ ತಟ್ಟುತ್ತಿತ್ತು.