ಮುಚ್ಚಳ ತೆಗೆದು ನಂಬರ್ ಓದುವ ಎಂಕಮ್ಮ

ಬೆಳಗಿನ ಐದೂವರೆ. ಮಕ್ತಲ್ ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಇನ್ನೂ ಒಂದೂ ಗಾಡಿ ಇಲ್ಲ. ರಾಯಚೂರು ಕಡೆಯಿಂದ ಬಂದ ಮೊದಲ ಬಸ್ಸು ಖಾಲಿ ರಸ್ತೆಯಲ್ಲಿ ಹಾರ್ನ್ ಮಾಡುತ್ತ ಹೋಗುತ್ತದೆ. ಎಂಕಮ್ಮ ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ಸೆರಗನ್ನು ಅಂಗಿಯೊಳಗೆ ಸಿಕ್ಕಿಸಿ, ನೆಲದಡಿಯ ಟ್ಯಾಂಕಿನ ಮುಚ್ಚಳ ಎತ್ತುತ್ತಾರೆ. ಉದ್ದನೆಯ ಹಿತ್ತಾಳೆ ಕೋಲಿನ ತುದಿಗೆ ಪೇಸ್ಟ್ ಸವರಿ ಒಳಗೆ ಇಳಿಬಿಡುತ್ತಾರೆ. ಮೇಲೆತ್ತಿದ ಕೋಲಿನ ತುದಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಾರೆ. ಪೇಸ್ಟಿನ ಬಣ್ಣ ಬದಲಾಗಿಲ್ಲ. ಅಂದರೆ ಟ್ಯಾಂಕಿನೊಳಗೆ ನೀರು ಸೇರಿಲ್ಲ.

ಆಮೇಲೆ ಉದ್ದನೆಯ ಗಾಜಿನ ಜಾಡಿಗೆ ಪೆಟ್ರೋಲ್ ಹಿಡಿದು, ಅದರಲ್ಲಿ ಕಲಬೆರಕೆ ಪತ್ತೆಗೆಂದು ಡೆನ್ಸಿಟಿ ಮೀಟರ್ ತೇಲಿಬಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಕುಕ್ಕರಗಾಲಲ್ಲಿ ಕೂರುತ್ತಾರೆ. ಮೊಣಕಾಲು ಚಟಕ್ಕೆನ್ನುತ್ತದೆ. "ವಯಸ್ಸಾತು ನೋಡ್ರಿ, ನಲವತ್ತೇಳು" ಎಂದು ನಗುತ್ತಾರೆ. ನಿನ್ನೆಯ ಅಂಕಿಯ ಪಕ್ಕ ಇವತ್ತಿನದನ್ನು ಬರೆದು, ಎರಡೂ ಹತ್ತಿರ ಹತ್ತಿರ ಇವೆಯೆಂದು ಖಾತ್ರಿಯಾದ ಮೇಲೆಯೇ ಅವರು ನೋಝಲ್ ಕೈಗೆತ್ತಿಕೊಳ್ಳುವುದು.

ಅಷ್ಟರಲ್ಲಿ ಕೆಂಪು ಕಾರೊಂದು ಬಂದು ನಿಲ್ಲುತ್ತದೆ. ಕೊತ್ತಪಲ್ಲಿಯ ಯುವಕ, ಹೊಸ ಗಾಡಿ, ಹಿಂದೆ 'ಟರ್ಬೋ' ಎಂಬ ಬೆಳ್ಳಿ ಅಕ್ಷರ. "ಯಕ್ಕಾ, ತುಟ್ಟಿ ಪೆಟ್ರೋಲ್ ಹಾಕು, ಗಾಡಿ ಟರ್ಬೋ ಐತಿ" ಎನ್ನುತ್ತಾನೆ. ಎಂಕಮ್ಮ ಕಾರಿನ ಪೆಟ್ರೋಲ್ ಬಾಯಿಯ ಪುಟ್ಟ ಬಾಗಿಲು ತೆರೆದು, ಅದರ ಒಳಬದಿಗೆ ಅಂಟಿಸಿದ ಚೀಟಿಯನ್ನು ಬೆರಳಿಟ್ಟು ಓದುತ್ತಾರೆ. "ತೊಂಬತ್ತೊಂದು ಅಂತ ಬರ್ದಾರ ನೋಡಪ್ಪ. ನಿನ್ನ ಗಾಡಿಗೆ ಸಾದಾನೇ ಸಾಕು. ಜೀರೋ ನೋಡ್ಕೋ."

ಹುಡುಗ ಅನುಮಾನಿಸುತ್ತಲೇ ಒಪ್ಪಿ ತಲೆಯಾಡಿಸುತ್ತಾನೆ.

ಎಂಕಮ್ಮ ಈ ಬಂಕಿಗೆ ಬಂದದ್ದು ತೆಲಂಗಾಣ ರಾಜ್ಯವಾದ ವರ್ಷ. ಹುಟ್ಟಿದ್ದು ಕೃಷ್ಣಾ ನದಿ ದಂಡೆಯ ಹಳ್ಳಿ. ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ತರಗತಿ. ಗಂಡ ಚಿನ್ನಯ್ಯ ನಾರಾಯಣಪೇಟೆ ಸೀರೆ ನೇಯುವವರು. ಮದುವೆಯಾದ ಮೇಲೆ ಹದಿನೈದು ವರ್ಷ ಎಂಕಮ್ಮ ಮಗ್ಗದ ಪಕ್ಕ ಕುಳಿತು ನೂಲು ಸುತ್ತಿದ್ದಾರೆ. ಆ ವರ್ಷ ಸೀರೆಯ ಬೇಡಿಕೆ ತೀರಾ ಇಳಿದು, ವಾರಕ್ಕೆ ಮೂರು ದಿನ ಮಗ್ಗ ಸುಮ್ಮನಿರತೊಡಗಿದಾಗ ಬಂಕಿನಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂತು. ಚಿನ್ನಯ್ಯ ಮೊದಲು ಒಪ್ಪಲಿಲ್ಲ. "ರಸ್ತಾದಾಗ ನಿಂತು ಮಾಡೋ ಕೆಲ್ಸ" ಎಂದರು. "ನಿಂತೇ ಮಾಡ್ತೀನಲ್ಲ, ಕೈ ಚಾಚಂಗಿಲ್ಲಲ್ಲ" ಎಂದು ಎಂಕಮ್ಮ ಹೊರಟುಬಂದರು.

ದಿನಕ್ಕೆ ಒಂಬತ್ತು ತಾಸು ನಿಲ್ಲಬೇಕು. ಸುಮಾರು ಮುನ್ನೂರು ಗಾಡಿ. ಅದರಲ್ಲಿ ಕಾರು ಮೂವತ್ತೋ ನಲವತ್ತೋ, ಉಳಿದದ್ದೆಲ್ಲ ಬೈಕು, ಆಟೋ, ಟ್ರ್ಯಾಕ್ಟರು. ಬೇಸಿಗೆಯಲ್ಲಿ ಪೆಟ್ರೋಲ್ ಆವಿಗೆ ತಲೆ ಸಿಡಿಯುತ್ತದೆ. ಮನೆಗೆ ಹೋದರೆ ತಲೆಯ ಮೇಲೆ ನೀರು ಹೊಯ್ದುಕೊಳ್ಳುವ ತನಕ ಮಗ್ಗದ ಕೋಣೆಗೆ ಕಾಲಿಡುವುದಿಲ್ಲ. "ರೇಷ್ಮಿ ವಾಸನಿ ಲಗೂ ಹಿಡಿತೈತ್ರಿ. ಉಟ್ಟಾಕಿ ಮೈಯಾಗ ಪೆಟ್ರೋಲ್ ನಾತ ಬಂದ್ರ ನಮ್ಮ ಮನಿಯವರ ಹೆಸರು ಹೋಗಂಗಿಲ್ಲೇನು?"

ಹತ್ತು ವರ್ಷಗಳಲ್ಲಿ ಅವರ ಕಣ್ಣೆದುರು ಗಾಡಿಗಳ ನಂಬರ್ ಪ್ಲೇಟಿನ ಮೇಲೆ ಎ.ಪಿ. ಹೋಗಿ ಟಿ.ಎಸ್. ಬಂತು, ಈಗ ಟಿ.ಜಿ. ಬಂದಿದೆ. ಗದ್ವಾಲ ಜಿಲ್ಲೆಯಾಯಿತು, ನಾರಾಯಣಪೇಟೆ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಾರುಗಳು ಹೆಚ್ಚಿದವು. ಅವುಗಳಲ್ಲಿ ಟರ್ಬೋ ಎಂಬ ಹೊಸ ಬಗೆಯೂ ಸೇರಿತು. ಬಂಕಿಗೆ ಸಾದಾ ಪೆಟ್ರೋಲಿನ ಪಕ್ಕದಲ್ಲಿ ಇನ್ನೊಂದು ಬಣ್ಣದ ನೋಝಲ್ ಬಂತು. ಅದಕ್ಕೆ ಬೆಲೆ ಹೆಚ್ಚು. ಅದನ್ನೇ ಹೆಚ್ಚು ಮಾರಬೇಕೆಂದು ಪೆಟ್ರೋಲ್ ಕಂಪನಿಯವರ ಒತ್ತಾಯ. ತರಬೇತಿ ಕೊಡಲು ಬಂದವರು ಹೇಳಿಕೊಟ್ಟಂತೆ ಎಂಕಮ್ಮನೂ ಬಂದವರಿಗೆಲ್ಲ ಹೇಳತೊಡಗಿದರು: "ಇದು ಹಾಕ್ರಿ, ಮೈಲೇಜ್ ಬರ್ತೈತಿ."

ಹಾಗೆ ಹೇಳಿಸಿಕೊಂಡವರಲ್ಲಿ ಪೆದ್ದಯ್ಯ ಒಬ್ಬರು. ನಿವೃತ್ತ ಅಂಚೆಯಣ್ಣ, ಹಳೆಯ ಸ್ಕೂಟರು. ಆರು ತಿಂಗಳು ಎಂಕಮ್ಮನ ಮಾತು ನಂಬಿ ತುಟ್ಟಿ ಪೆಟ್ರೋಲನ್ನೇ ಹಾಕಿಸಿದರು. ಒಂದು ದಿನ ಹಣೆಯ ಬೆವರು ಒರೆಸಿಕೊಳ್ಳುತ್ತ ಕೇಳಿದರು: "ಏನೂ ಫರಕ್ ಕಾಣವಲ್ದಲ್ಲಮ್ಮ. ನಿನಗ ಖರೇ ಗೊತ್ತೈತೇನು?"

ಬೈದಿದ್ದರೆ ಎಂಕಮ್ಮ ಮರೆಯುತ್ತಿದ್ದರೇನೋ. ಪೆದ್ದಯ್ಯ ಬೈಯಲಿಲ್ಲ, ಸುಮ್ಮನೆ ಕೇಳಿದರು. "ನನಗ ಗೊತ್ತೇ ಇದ್ದಿಲ್ರಿ. ಗೊತ್ತಿಲ್ದ ಮಾತು ಅಷ್ಟು ಧೈರ್ಯದಿಂದ ಹೆಂಗ ಹೇಳ್ದೆ ಅಂತ ಆ ರಾತ್ರಿ ಊಟ ಸೇರ್ಲಿಲ್ಲ" ಎನ್ನುತ್ತಾರೆ ಎಂಕಮ್ಮ.

ಮರುದಿನ ಕೆಲಸ ಮುಗಿಸಿ ಅವರು ನೆಟ್ಟಗೆ ಹೋದದ್ದು ಉರುಕುಂದಪ್ಪನ ಗ್ಯಾರೇಜಿಗೆ. ಮೂವತ್ತು ವರ್ಷ ಎಂಜಿನ್ ಬಿಚ್ಚಿದ ಮೆಕ್ಯಾನಿಕ್. ತುಟ್ಟಿ ಪೆಟ್ರೋಲ್ ಯಾವ ಗಾಡಿಗೆ ಬೇಕೆಂದು ಎಂಕಮ್ಮ ಕೇಳಿದರು. ಅವರು ಆಕೆಯ ಕೈಗೆ ಸೈಕಲ್ ಪಂಪು ಕೊಟ್ಟು, "ತುದಿ ಬೆರಳಿಂದ ಮುಚ್ಚಿ ಜೋರು ಒತ್ತು" ಎಂದರು. ಹತ್ತಾರು ಸಲ ಒತ್ತುವಷ್ಟರಲ್ಲಿ ಪಂಪಿನ ಬುಡ ಬಿಸಿಯಾಯಿತು.

"ಗಾಳಿ ಒತ್ತಿದಷ್ಟೂ ಬಿಸಿ ಆಗ್ತೈತಿ. ಟರ್ಬೋ ಅಂದ್ರ ಇದ ಮತ್ತ, ಎಂಜಿನ್‌ನ್ಯಾಗ ಗಾಳಿ ತುರುಕೋದು. ಆ ಬಿಸಿಗೆ ಕಿಡಿ ಬರೋಕಿಂತ ಮೊದಲೇ ಪೆಟ್ರೋಲ್ ತಾನಾಗೇ ಹತ್ತಿಕೊಂಡ್ರ ಪಿಸ್ಟನ್ ಮ್ಯಾಲ ಸುತ್ತಿಗಿಲೆ ಹೊಡ್ದಂಗ. ಒಳಗ ಟಿಣಿ ಟಿಣಿ ಸದ್ದು ಬರ್ತೈತಿ. ಆಕ್ಟೇನ್ ನಂಬರ್ ಅಂದ್ರ ಆ ಬಿಸಿನ ಎಷ್ಟು ತಡಕೊಂತೈತಿ ಅನ್ನೋ ಲೆಕ್ಕ. ನಂಬರ್ ದೊಡ್ಡದಿದ್ರ ಶಕ್ತಿ ಜಾಸ್ತಿ ಅಂತಲ್ಲಮ್ಮ, ತಾಳ್ಮಿ ಜಾಸ್ತಿ ಅಂತ."

"ಹಂಗಾರ ನಮ್ಮ ತುಟ್ಟಿ ಪೆಟ್ರೋಲ್?"

"ಅದರ ನಂಬರ್ ಎಷ್ಟು?"

ಎಂಕಮ್ಮನಿಗೆ ಗೊತ್ತಿರಲಿಲ್ಲ. ಬಂಕಿಗೆ ವಾಪಸು ಹೋಗಿ ಕಾಗದ ಹುಡುಕಿಸಿದರು. ಆ ಪೆಟ್ರೋಲಿಗೆ ಎಂಜಿನ್ ಸ್ವಚ್ಛವಾಗಿಡುವ ಔಷಧಿ ಬೆರೆಸಿರುತ್ತಾರೆ ನಿಜ, ಆದರೆ ಆಕ್ಟೇನ್ ಸಾದಾದ್ದರಷ್ಟೇ, ತೊಂಬತ್ತೊಂದು. ಗ್ಯಾರೇಜಿಗೆ ಮರಳಿ ಬಂದಾಗ ಉರುಕುಂದಪ್ಪ ಮತ್ತೊಂದು ಪಾಠ ಹೇಳಿಕೊಟ್ಟರು: ಯಾವ ಗಾಡಿಗೆ ಎಷ್ಟು ಬೇಕೆಂದು ಮಾಡಿದವರೇ ಮುಚ್ಚಳದ ಹತ್ತಿರವೋ ಪುಸ್ತಕದಲ್ಲೋ ಬರೆದಿರುತ್ತಾರೆ, ಟರ್ಬೋ ಎಂದ ಮಾತ್ರಕ್ಕೆ ಎಲ್ಲಕ್ಕೂ ದೊಡ್ಡ ನಂಬರ್ ಬೇಕಿಲ್ಲ. ಚೀಟಿಯ ಮೇಲೆ ಆಕ್ಟೇನ್ ನಂಬರಿನ ಗುರುತಾಗಿರುವ ಮೂರು ಇಂಗ್ಲಿಷ್ ಅಕ್ಷರಗಳನ್ನು, ಆರ್, ಓ, ಎನ್, ಎಂಕಮ್ಮ ಕೈಮೇಲೆ ಪೆನ್ನಿನಿಂದ ಬರೆದುಕೊಂಡು ಮನೆಗೆ ಹೋದರು. ಮರುದಿನ ಪೆದ್ದಯ್ಯನ ಮನೆಯ ತನಕ ನಡೆದುಹೋಗಿ, "ತಪ್ಪು ಹೇಳಿದ್ದೆರಿ, ಸಾದಾ ಹಾಕಿಸ್ರಿ" ಎಂದು ಹೇಳಿ ಬಂದರು.

ಕಷ್ಟ ಬಂದದ್ದು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ಗದ್ವಾಲದ ಸೀರೆ ವ್ಯಾಪಾರಿ ಭಾನುಪ್ರಕಾಶ ನಾರಾಯಣಪೇಟೆಗೆ ಹೊರಟಿದ್ದರು. ಕಾರಿನಲ್ಲಿ ಐದು ಜನ, ಹಿಂದೆ ಸೀರೆಯ ಗಂಟು, ಹೊರಗೆ ಸುಡುವ ಬಿಸಿಲು. ಜೂರಾಲ ಅಣೆಕಟ್ಟೆಯ ಮೇಲಿಂದ ದಾಟಿ ಬರುವಾಗಿನಿಂದ ಎಂಜಿನ್ ಡಬ್ಬಿಯಲ್ಲಿ ಹರಳು ಅಲುಗಿಸಿದ ಹಾಗೆ ಸದ್ದು ಮಾಡುತ್ತಿತ್ತಂತೆ. "ಏಮಮ್ಮಾ, ಆ ತುಟ್ಟಿದು ಫುಲ್ ಮಾಡು. ಅದು ಹಾಕಿದ್ರ ಸದ್ದು ಹೋಗ್ತದ ಅಂದಾರ" ಎಂದರು.

ಎಂಕಮ್ಮ ಮುಚ್ಚಳದ ಚೀಟಿ ಓದಿದರು. ಕನಿಷ್ಠ ತೊಂಬತ್ತೈದು. "ಅಣ್ಣಾರ, ನಿಮ್ಮ ಗಾಡಿ ಕೇಳೋದು ತೊಂಬತ್ತೈದು. ನಮ್ಮಲ್ಲಿ ಎರಡೂ ತೊಂಬತ್ತೊಂದೇ. ತುಟ್ಟಿದು ಹಾಕಿದ್ರೂ ಸದ್ದು ಹೋಗಂಗಿಲ್ರಿ. ಊರು ಮುಟ್ಟಾಕ ಐದು ಲೀಟರ್ ಸಾದಾ ಹಾಕ್ತೀನಿ. ಮೆಲ್ಲಗ ಹೋಗ್ರಿ, ಎಕ್ಸಿಲೇಟರ್ ಜೋರು ತುಳೀಬ್ಯಾಡ್ರಿ. ಆಮ್ಯಾಲ ರಾಯಚೂರಿಗೆ ಹೋದಾಗ ಅಲ್ಲಿ ತೊಂಬತ್ತೈದು ಸಿಗ್ತೈತಿ, ತುಂಬಿಸ್ರಿ."

ಕಾರು ಹೋಯಿತು. ಒಳಗಿನ ಕೋಣೆಯಲ್ಲಿದ್ದ ಬಂಕಿನ ಮಾಲೀಕ ಗುರುಲಿಂಗ ಸಾವುಕಾರರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೊರಗೆ ಬಂದು ಎಲ್ಲರೆದುರು ಕೂಗಾಡಿದರು. "ನನ್ನ ಬಂಕಿನ್ಯಾಗ ನಿಂತು ಗಿರಾಕಿನ ಬ್ಯಾರೆ ಬಂಕಿಗೆ ಕಳಸ್ತೀಯಾ? ನಾಳಿಂದ ನೋಝಲ್ ಮುಟ್ಟಬ್ಯಾಡ, ಗಾಳಿ ಹಿಡಿ ಹೋಗು."

ಗಾಳಿ ತುಂಬುವ ಯಂತ್ರ ಬಂಕಿನ ಮೂಲೆಯಲ್ಲಿ, ಸೂರಿಲ್ಲದ ಜಾಗದಲ್ಲಿ. ಏಪ್ರಿಲ್, ಮೇ, ಜೂನ್, ಮೂರು ತಿಂಗಳು ಎಂಕಮ್ಮ ಅಲ್ಲಿ ಟೈರುಗಳ ಮುಂದೆ ಕುಕ್ಕರಿಸಿ ಕಳೆದರು. ಚಿನ್ನಯ್ಯ "ಬಿಟ್ಟುಬಿಡು" ಎಂದರು. ಇವರು ಬಿಡಲಿಲ್ಲ. "ಬಿಟ್ರ ನಾನು ಹೇಳಿದ್ದು ಸುಳ್ಳು ಅಂದಂಗ ಆಗ್ತಿತ್ತು."

ಮೇ ನಡುವೆ ಒಂದು ದಿನ ಭಾನುಪ್ರಕಾಶ ಅದೇ ಕಾರಿನಲ್ಲಿ ಬಂದು ನೇರ ಗಾಳಿಯ ಯಂತ್ರದ ಬಳಿ ನಿಲ್ಲಿಸಿದರು. ಎಂಜಿನ್ ಬಂದ್ ಮಾಡದೆ, "ಕೇಳಮ್ಮಾ" ಎಂದರು. ರಾಯಚೂರಿನಲ್ಲಿ ತೊಂಬತ್ತೈದು ತುಂಬಿಸಿದ್ದರು, ಹರಳಿನ ಸದ್ದು ಇರಲಿಲ್ಲ. ಇನ್ನೊಂದಿಷ್ಟು ತಿಂಗಳು ಹಾಗೇ ಓಡಿಸಿದ್ದರೆ ಪಿಸ್ಟನ್ನಿಗೇ ಪೆಟ್ಟು ಬೀಳುತ್ತಿತ್ತೆಂದು ಮೆಕ್ಯಾನಿಕ್ ಹೇಳಿದನಂತೆ. ಸಾವುಕಾರರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಅದಾದ ಹದಿನೈದು ದಿನಕ್ಕೆ ಸಾವುಕಾರರ ಮಗಳು ವಿಜಯಶ್ರೀ ಹೊಸ ಟರ್ಬೋ ಕಾರು ತಂದರು. ಗದ್ವಾಲದಲ್ಲಿ ಉಪನ್ಯಾಸಕಿ, ದಿನಾ ಓಡಾಟ. ಆ ಕಾರೂ ಸದ್ದು ಮಾಡತೊಡಗಿತು. ತಂದೆ ತಮ್ಮದೇ ತುಟ್ಟಿ ಪೆಟ್ರೋಲ್ ಎರಡು ಟ್ಯಾಂಕ್ ತುಂಬಿಸಿದರು. ಸದ್ದು ಹೋಗಲಿಲ್ಲ. ಮೂರನೇ ಸಲ ಬಂದಾಗ ವಿಜಯಶ್ರೀ ತಂದೆಯನ್ನು ಕೇಳದೆ ಮೂಲೆಗೆ ನಡೆದರು. "ಎಂಕಮ್ಮಕ್ಕ, ನೀನೇ ನೋಡು. ನಂದೂ ರಾಯಚೂರಿಗೆ ಹೋಗ್ಬೇಕೇನು?"

ಎಂಕಮ್ಮ ಮುಚ್ಚಳ ತೆರೆದರು. ತೊಂಬತ್ತೊಂದು. ಮುಚ್ಚಳ ಹಾಕಿ ಕೇಳಿದರು: "ಸದ್ದು ಯಾವಾಗ ಬರ್ತೈತ್ರಿ ಅಕ್ಕಾರ?"

"ಸ್ಪೀಡ್ ಬ್ರೇಕರ್ ದಾಟಿದ ಮ್ಯಾಲ. ಏರು ಹತ್ತುವಾಗ."

"ಅವಾಗ ಗೇರ್ ಎಷ್ಟರಾಗ ಇರ್ತೈತಿ?"

"ನಾಕರಾಗ. ಇಳಿಸಿದ್ರ ಮೈಲೇಜ್ ಹೋಗ್ತದಂತಲ್ಲ."

ವಿಜಯಶ್ರೀ ಎಂಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಏರಿನಲ್ಲಿ ನಾಲ್ಕನೇ ಗೇರಿಗೆ ಸದ್ದು ಬಂತು. ಎಂಕಮ್ಮ ಹೇಳಿದಂತೆ ಎರಡಕ್ಕೆ ಇಳಿಸಿ ಹತ್ತಿದಾಗ ಬರಲಿಲ್ಲ. ಮೂರು ಸಲ ತಿರುಗಿಸಿ ನೋಡಿದರು, ಮೂರು ಸಲವೂ ಅಷ್ಟೇ. ನಿಧಾನಕ್ಕೆ ಹೋಗುವಾಗ ದೊಡ್ಡ ಗೇರಿನಲ್ಲಿ ಎಂಜಿನ್ನನ್ನು ಎಳೆದಾಡಿಸಿದರೆ ಅದು ಒಳಗೊಳಗೇ ಬಡಿದುಕೊಳ್ಳುತ್ತದೆಂದು ಉರುಕುಂದಪ್ಪ ಹೇಳಿದ್ದು ಎಂಕಮ್ಮನ ನೆನಪಿನಲ್ಲಿತ್ತು.

ಬಂಕಿಗೆ ಮರಳಿದಾಗ ಸಾವುಕಾರರು ಕಾರಿನ ಬಳಿಯೇ ನಿಂತಿದ್ದರು. "ಯಾವುದು ಹಾಕ್ಬೇಕಂತ?"

ಉಳಿದ ಕೆಲಸಗಾರರೂ ನೋಡುತ್ತಿದ್ದರು. ತುಟ್ಟಿದ್ದು ಬೇಡವೆಂದರೆ ಇನ್ನು ಗಾಳಿಯ ಕೆಲಸವೂ ಉಳಿಯಲಿಕ್ಕಿಲ್ಲ ಎಂಬುದು ಎಂಕಮ್ಮನಿಗೆ ಗೊತ್ತಿತ್ತು. "ಸಾದಾನೇ ಸಾಕ್ರಿ ಸಾವುಕಾರ್ರ. ಪೆಟ್ರೋಲ್ದು ತಪ್ಪಿಲ್ಲ. ಅಕ್ಕಾರು ಗೇರ್ ಇಳಿಸಿದ್ರ ಆತು."

ಸಾವುಕಾರರು ಮಗಳ ಮುಖ ನೋಡಿದರು. ಆಮೇಲೆ ಸಾದಾ ಪೆಟ್ರೋಲಿನ ನೋಝಲನ್ನು ತಾವೇ ಎತ್ತಿ ಎಂಕಮ್ಮನ ಕೈಗೆ ಕೊಟ್ಟರು. ಕ್ಷಮೆ ಕೇಳಲಿಲ್ಲ, ಆ ಊರಿನಲ್ಲಿ ಮಾಲೀಕರು ಕೇಳುವುದೂ ಇಲ್ಲ. ಮರುದಿನದಿಂದ ಗಾಳಿಗೆ ಬೇರೆಯವರು ಬಂದರು.

ಇವತ್ತು ಕೇಳಿದರೆ ಸಾವುಕಾರರು ಮೀಸೆ ತಿರುವುತ್ತ ಹೇಳುತ್ತಾರೆ: "ನನ್ನ ಮಗಳ ಗಾಡಿಗೆ ಒಂದು, ಗಿರಾಕಿ ಗಾಡಿಗೆ ಒಂದು ಹೇಳಿದ್ರ ಆಕಿನ ಅವತ್ತೇ ಮನಿಗೆ ಕಳಿಸ್ತಿದ್ದೆ. ಇಬ್ಬರಿಗೂ ಚೀಟಿಯಾಗ ಇದ್ದದ್ದನ್ನೇ ಹೇಳಿದ್ಲು. ನನಗ ನಷ್ಟ ಆತು ಖರೆ. ಆದ್ರ ದೂರದ ಇಟಿಕ್ಯಾಲ, ಉಂಡವಳ್ಳಿ ಕಡೆಯವರು ಈ ದಾರಿಗೆ ಬಂದ್ರ ಆಕಿ ಇದ್ದಾಳೇನು ಅಂತ ಕೇಳಿ ಗಾಡಿ ಒಳಗ ತಿರುಗಿಸ್ತಾರ."

ಬಂಕಿಗೆ ಬರುವವರೆಲ್ಲರೂ ಒಂದೇ ತರಹದವರಲ್ಲ. ಕೆಲವರು ಎಂಕಮ್ಮನ ಖಾಕಿ ಅಂಗಿ ನೋಡಿ, "ನಿನಗೇನು ತಿಳಿತೈತಿ, ಹೇಳಿದ್ದು ಹಾಕು" ಎನ್ನುತ್ತಾರೆ. ಅಂಥವರು ಹೇಳಿದ್ದನ್ನೇ ಎಂಕಮ್ಮ ಹಾಕುತ್ತಾರೆ, ಆದರೆ ಚೀಟಿಯಲ್ಲಿದ್ದ ನಂಬರನ್ನು ಒಂದು ಸಲ ಗಟ್ಟಿಯಾಗಿ ಓದಿಯೇ. "ಗಾಡಿ ಅವರ್ದು, ರೊಕ್ಕ ಅವರ್ದು. ಓದಿ ಹೇಳೋದಷ್ಟೇ ನನ್ನ ಕೆಲ್ಸ."

ಬಿಸಿಲೇರಿದೆ. ಎಂಕಮ್ಮನಿಗೆ ಬೇಕಾದದ್ದೇನೆಂದು ಕೇಳಿದರೆ, ಆಟೋ ಒಂದಕ್ಕೆ ಪೆಟ್ರೋಲ್ ಹಾಕಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಬಂಕಿನ ಹಿಂದಿನ ಖಾಲಿ ಜಾಗದ ಕಡೆ ನೋಡುತ್ತಾರೆ. ಅಲ್ಲಿ ತೊಂಬತ್ತೈದರ ಪೆಟ್ರೋಲಿಗೆ ಹೊಸ ಟ್ಯಾಂಕ್ ಇಡಲು ಸಾವುಕಾರರು ಅರ್ಜಿ ಹಾಕಿ ಎಂಟು ತಿಂಗಳಾಗಿದೆ.

"ತೊಂಬತ್ತೈದು ಬೇಕಾದೋರಿಗೆ 'ಇಲ್ರಿ, ರಾಯಚೂರಿಗೆ ಹೋಗ್ರಿ' ಅಂತ ಹೇಳಿ ಹೇಳಿ ಸಾಕಾಗೈತ್ರಿ" ಎನ್ನುತ್ತಾರೆ. "ನಾನು ಈ ಕೆಲ್ಸ ಬಿಡೋದ್ರಾಗ ಒಬ್ಬರಿಗರ 'ಐತ್ರಿ, ಬರ್ರಿ' ಅನ್ಬೇಕು."