ಒಂದು ಚುಕ್ಕೆ ಎಡ, ಎರಡು ಚುಕ್ಕೆ ಬಲ

ದಾವಣಗೆರೆಯಲ್ಲಿ ಮೆಕ್ಯಾನಿಕ್ ಹಯಾತ್ ಸಾಬನ ಗ್ಯಾರೇಜು ಎಲ್ಲಿ ಎಂದು ಕೇಳಿದರೆ, ಪೂನಾ-ಬೆಂಗಳೂರು ರಸ್ತೆಯ ಸೋಡಾ ಅಂಗಡಿಯವನು ಕೈ ತೋರಿಸಿ ಒಂದು ಮಾತನ್ನೂ ಸೇರಿಸುತ್ತಿದ್ದ: "ಗಾಲಿ ಹಾಕಿದ ಮ್ಯಾಲ ನಿಮ್ಮನ್ನೂ ಕರೀತಾನೆ, ಗಾಬರಿ ಆಗಬ್ಯಾಡ್ರಿ." ಮಾತು ಸುಳ್ಳಲ್ಲ. ಗಾಲಿ ಬಿಗಿದ ಮೇಲೆ ಹಯಾತ್ ಸಾಬ ರಸ್ತೆಗೆ ಬಂದು, ಸಿಕ್ಕವರನ್ನು ಹಿಡಿದು ತಂದು, "ಅಲ್ಲಾಡ್ಸಿ ನೋಡ್ರಿ, ಸರಿ ಐತಾ?" ಎಂದು ಕೇಳುತ್ತಿದ್ದ. ಒಮ್ಮೆ ಹೂ ಮಾರುವ ಹುಲಿಗೆಮ್ಮನನ್ನೇ ಕರೆದಿದ್ದ. ಆಕೆ ಬುಟ್ಟಿ ಇಳಿಸಿ, ಗಾಲಿ ಜಗ್ಗಿ, "ಮಲ್ಲಿಗಿ ಬಗ್ಗೆ ಕೇಳಪ್ಪಾ ಹೇಳ್ತೀನಿ, ಇದ್ರಾಗ ನಂಗೇನು ತಿಳೀತೈತೆ?" ಎಂದು ಬೈದು ಹೋದಳು. ಊರು ನಕ್ಕಿತು. ಆ ಅಭ್ಯಾಸ ಅವನಿಗೆ ಎಲ್ಲಿ ಅಂಟಿತೆಂದು ಗೊತ್ತಿದ್ದರೆ ನಗುವವರ ಬಾಯಿ ಅಲ್ಲೇ ಮುಚ್ಚುತ್ತಿತ್ತು.

ಕತೆ ಶುರುವಾಗುವುದು ಎರಡು ಕಾರುಗಳಿಂದ. ಸಾವಿರದ ಒಂಬೈನೂರ ಐವತ್ತರಲ್ಲಿ ಇಬ್ಬರು ಗೆಳೆಯರು ಮುಂಬಯಿಗೆ ಹೋಗಿ, ದೇಶ ಬಿಟ್ಟು ಹೊರಟಿದ್ದ ಇಂಗ್ಲಿಷ್ ದೊರೆಗಳಿಂದ ಎರಡು ಎಂ.ಜಿ. ಕಾರು ಕೊಂಡು ತಂದರು. ಇಬ್ಬರೇ ಕೂರುವ ಕಾರು, ಸೈಕಲ್ಲಿನಂತೆ ಕಡ್ಡಿ ಗಾಲಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಕೆನೆ ಬಣ್ಣದ್ದು ದಾವಣಗೆರೆಯ ಹತ್ತಿ ಮಿಲ್ಲಿನ ಶಿವಯೋಗಪ್ಪನದು. ಕೆಂಪು ಬಣ್ಣದ್ದು ಹರಿಹರದ ಕುಬೇರಪ್ಪನದು. ಹೊಳೆದಂಡೆಯ ಎಣ್ಣೆ ಗಿರಣಿಯ ಸುಂಕಲಮ್ಮನಿಗೆ ಇದ್ದೊಬ್ಬ ಮಗ ಅವನು.

ಹಯಾತ್ ಸಾಬನಿಗೆ ಆಗ ಇಪ್ಪತ್ತನಾಲ್ಕು. ಉಸ್ತಾದ್ ಹುಸೇನ್ ಸಾಬರ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡಿದ್ದ. ಪಳಗಿತು ಎಂಬ ಕೊಬ್ಬೂ ಇತ್ತು. ಐವತ್ತೆರಡರ ಬೇಸಿಗೆಯಲ್ಲಿ ಕೆಂಪು ಕಾರು ಮುಂದಿನ ಗಾಲಿಗಳ ಕೆಲಸಕ್ಕೆ ಬಂತು. ಗಾಲಿ ಕೂರುವ ಉಕ್ಕಿನ ಗುಂಬಕ್ಕೆ ಗ್ಯಾರೇಜಿನವರು ಹಬ್ ಎನ್ನುತ್ತಾರೆ. ಈ ಕಾರಿನಲ್ಲಿ ಗಾಲಿಯನ್ನು ಹಬ್ ಮೇಲೆ ತೊಡಿಸಿ, ನಡುವೆ ಎರಡು ಕಿವಿಯ ಒಂದೇ ಒಂದು ನಟ್ಟು ಹಾಕಿ, ಸುತ್ತಿಗೆಯಿಂದ ಹೊಡೆದು ಬಿಗಿಯಬೇಕು. ಎಡಗಡೆಯ ನಟ್ಟು ಒಂದು ದಿಕ್ಕಿಗೆ ಬಿಗಿದರೆ ಬಲಗಡೆಯದು ಅದರ ಉಲ್ಟಾ. ಹಯಾತ್ ಸಾಬ ಬಿಚ್ಚಿ ನೋಡಿದ. ಗಾಲಿ ಮುಂದಕ್ಕೆ ತಿರುಗುವ ದಿಕ್ಕಿಗೇ ನಟ್ಟು ಬಿಚ್ಚಿಕೊಳ್ಳುವಂತಿತ್ತು. 'ಯಾವನೋ ಕತ್ತೆ ಎಡಬಲ ಅದಲುಬದಲು ಮಾಡಿದ್ದಾನೆ' ಎಂದುಕೊಂಡ. ನಟ್ಟಿನ ಸಮೇತ ಎಡದ ಹಬ್ ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. ತನ್ನ ರೂಢಿಯಂತೆ ಉಳಿಯ ಮೊನೆಯಿಂದ ಹಬ್ ಅಂಚಿಗೆ ಗುರುತು ಹೊಡೆದ: ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಉಸ್ತಾದರು ನಮಾಜಿಗೆ ಹೋಗಿದ್ದರು. ಅವರು ವಾಪಸು ಬರುವ ಹೊತ್ತಿಗೆ ಇವನು ಊಟಕ್ಕೆ ಹೋಗಿದ್ದ. ಊಟ ಮುಗಿಸಿ ಬಂದಾಗ ಕಾರು ಹೋಗಿಯಾಗಿತ್ತು.

ಮೂರನೇ ದಿನ, ಹರಿಹರದ ಹತ್ತಿರ, ಹುಣಸೆ ಮರದ ತಿರುವಿನಲ್ಲಿ ಕುಬೇರಪ್ಪನ ಕಾರು ಮರಕ್ಕೆ ಗುದ್ದಿತು. ಸಂಜೆಗೆ ಅವನು ಸತ್ತ. ಕಾರಿನ ಎಡಗಡೆಯ ಮುಂದಿನ ಗಾಲಿ ಹೊಲದಲ್ಲಿ ದೂರ ಬಿದ್ದಿತ್ತು. ಮರಕ್ಕೆ ಬಡಿದು ಗಾಲಿ ಹಾರಿತು ಎಂದರು ಜನ. ಗಾಲಿ ಹಾರಿದ್ದಕ್ಕೇ ಮರಕ್ಕೆ ಬಡಿಯಿತೇ ಎಂದು ಕೇಳಿದವರು ಯಾರೂ ಇಲ್ಲ.

ಹಯಾತ್ ಸಾಬನೂ ಕೇಳಲಿಲ್ಲ. ತಪ್ಪನ್ನು ತಿದ್ದಿದ್ದೇನೆಂದೇ ನಂಬಿದ್ದ. ಮರುವರ್ಷ ಉಸ್ತಾದರು ತೀರಿಕೊಂಡರು. ಗ್ಯಾರೇಜು ಇವನದಾಯಿತು. ನಿಟ್ಟುವಳ್ಳಿಯಲ್ಲಿ ಎರಡು ಅಂಕಣದ ಮನೆ, ಹೆಂಡತಿ ರಶೀದಾ, ಊರಲ್ಲಿ ಒಳ್ಳೆಯ ಹೆಸರು. ಐವತ್ತೇಳರಲ್ಲಿ ಶಿವಯೋಗಪ್ಪನ ಕೆನೆ ಬಣ್ಣದ ಕಾರು ಮೊದಲ ಸಲ ಮುಂದಿನ ಗಾಲಿ ಬಿಚ್ಚಿಸಿಕೊಂಡಿತು. ಹಯಾತ್ ಸಾಬ ನೋಡುತ್ತಾನೆ, ಇದರಲ್ಲೂ ಅದೇ 'ತಪ್ಪು'. ಏಳು ವರ್ಷದಿಂದ ಯಾರೂ ಮುಟ್ಟದ ಗಾಲಿ, ಕಲ್ಲಿನಂತೆ ಬಿಗಿಯಾಗಿ ಕೂತಿತ್ತು. ಸಾಮಾನು ತರಲು ಮುಂಬಯಿಗೆ ಹೋದಾಗ ಹಳೇ ಸಾಮಾನಿನ ವ್ಯಾಪಾರಿ ಅಲ್ಲಾಬಕ್ಷನನ್ನು ಕೇಳಿದ. ಅವನು ನಕ್ಕ. ನೋಡುವವರಿಗೆ ಉಲ್ಟಾ ಕಾಣುತ್ತದೆ, ಆದರೆ ಓಡುತ್ತಾ ಓಡುತ್ತಾ ತಾನೇ ಬಿಗಿಯುತ್ತದೆ. ಬುದ್ಧಿವಂತಿಕೆ ತೋರಿಸಿ ಬದಲಾಯಿಸಿದರೆ ಎರಡು ಮೂರು ದಿನಕ್ಕೆ ಬಿಚ್ಚಿಕೊಂಡು ಹೋಗುತ್ತದೆ ಎಂದ.

ಎರಡು ಮೂರು ದಿನ. ಹಯಾತ್ ಸಾಬ ರೈಲಿನಲ್ಲಿ ದಾವಣಗೆರೆ ತಲುಪುವವರೆಗೂ ಬಾಯಿಗೆ ನೀರು ಹಾಕಲಿಲ್ಲ.

ಒಂದೇ ಒಂದು ಆಸೆ ಉಳಿದಿತ್ತು. ಗ್ಯಾರೇಜು ಬಿಡುವ ಪ್ರತಿ ಗಾಡಿಯ ಗಾಲಿಯನ್ನೂ ಉಸ್ತಾದರು ಮುಟ್ಟಿ ನೋಡುತ್ತಿದ್ದರು. ಅಂದು ಅವರು ನೋಡಿ, ಸದ್ದಿಲ್ಲದೆ ತಿದ್ದಿರಬಹುದಲ್ಲ? ತಿದ್ದಿದ್ದರೆ ಕೆಂಪು ಕಾರಿನ ಎಡಗಡೆ ಎರಡು ಚುಕ್ಕೆ ಇರುತ್ತದೆ. ತಿದ್ದಿರದಿದ್ದರೆ ಒಂದು. ಆ ಕಾರು ಇನ್ನೂ ಸುಂಕಲಮ್ಮನ ಗಿರಣಿಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿತ್ತು. ಹೋಗಿ ನೋಡಿದರೆ ಮುಗಿಯಿತು. ಆದರೆ ಕಾಲು ಏಳಬೇಕಲ್ಲ.

ಅಷ್ಟರಲ್ಲಿ ವಿದೇಶದ ಸಾಮಾನು ಬರುವುದು ನಿಂತಿತು. ಶಿವಯೋಗಪ್ಪನ ಕಾರಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪು ಕೆಟ್ಟಿತು. ಎಲ್ಲೂ ಸಿಗಲಿಲ್ಲ.

"ಕುಬೇರನ ಕಾರಿನಾಗ ಐತಲ್ಲ, ಅವ್ವಾರನ್ನ ಕೇಳಿ ತಾ," ಎಂದ ಶಿವಯೋಗಪ್ಪ ನೆಲ ನೋಡುತ್ತಾ. "ನನಗ ಹೋಗಾಕ ಮುಖ ಇಲ್ಲ. ನಾನು ಬದುಕೀನಿ ನೋಡು, ಅದಕ್ಕ."

ಹಯಾತ್ ಸಾಬ ಹೋದ. ಸುಂಕಲಮ್ಮ ಬಿಳಿ ಸೀರೆಯ, ಒಣಗಿದ ಮೈಯ ಮುದುಕಿ. ಅವನ ಹೆಸರು ಕೇಳಿ ಬಹಳ ಹೊತ್ತು ಮುಖ ನೋಡಿದಳು. ಆಮೇಲೆ ಕೊಟ್ಟಿಗೆಯ ಬೀಗ ತೆಗೆದಳು.

ಮಟಮಟ ಮಧ್ಯಾಹ್ನ. ತಗಡು ಕಾದು ಉರಿಯುತ್ತಿದ್ದರೂ ಒಳಗೆ ಬಾವಿಯೊಳಗಿನಂತೆ ತಣ್ಣಗಿತ್ತು. ಕೆಂಪು ಕಾರು ಕಲ್ಲುಗಳ ಮೇಲೆ ನಿಂತಿತ್ತು. ಮೂತಿ ನಜ್ಜುಗುಜ್ಜು. ಐದು ವರ್ಷದ ಧೂಳು ಎಲ್ಲ ಕಡೆ ಇತ್ತು, ಚಾಲಕನ ಸೀಟಿನ ಮೇಲೆ ಮಾತ್ರ ಇರಲಿಲ್ಲ. ಎಡಗಡೆ ಗಾಲಿಯಿಲ್ಲದ ಹಬ್ ಸುತ್ತ ಅರಿಸಿನ ಬಟ್ಟೆಯ ಗಂಟು, ಗಂಟಿನ ಮೇಲೆ ದೆವ್ವ ಬಿಡಿಸುವ ಉಕ್ಕಡಗಾತ್ರಿ ಗದ್ದುಗೆಯ ವಿಭೂತಿ.

"ಬೇಕಾದ್ದು ತಗೊಂಡು ಹೋಗು ಹಯಾತಪ್ಪ," ಎಂದಳು ಸುಂಕಲಮ್ಮ. "ಅದೊಂದು ಗಂಟು ಬಿಚ್ಚಬ್ಯಾಡ. ಅದು ಕೊನಿಗೆ."

ಅವನು ಪಂಪು ಬಿಚ್ಚಿದ. ಒಂದು ಸಾಮಾನು ತೆಗೆದ ಜಾಗವನ್ನು ಖಾಲಿ ಬಿಡಬಾರದೆಂಬುದು ಉಸ್ತಾದರು ಕಲಿಸಿದ ಕ್ರಮ. ಕೆಟ್ಟದ್ದಾದರೂ ಸರಿ, ಅಲ್ಲೊಂದು ಇರಬೇಕು. ಶಿವಯೋಗಪ್ಪನ ಸುಟ್ಟುಹೋದ ಪಂಪನ್ನು ಅಲ್ಲಿ ಕೂರಿಸಿ ಹೊರಟ. ಬಾಗಿಲಿಗೆ ಬಂದಾಗ ಹಿಂದಿನಿಂದ ಸದ್ದು ಕೇಳಿತು. ಟಿಕ್, ಟಿಕ್, ಟಿಕ್. ಕಾರಿನ ಕೀಲಿ ತಿರುಗಿಸಿದಾಗ ಪೆಟ್ರೋಲ್ ತುಂಬುವವರೆಗೆ ಆ ಪಂಪು ಮಾಡುವ ಸದ್ದು ಅದು. ತುಂಬಿದ ಮೇಲೆ ಸುಮ್ಮನಾಗುತ್ತದೆ. ಆದರೆ ಈ ಪಂಪು ಸತ್ತದ್ದು. ಕಾರಿನಲ್ಲಿ ಬ್ಯಾಟರಿಯಿಲ್ಲ, ತೊಟ್ಟು ಪೆಟ್ರೋಲಿಲ್ಲ. ಸುಂಕಲಮ್ಮ ಬೀಗ ಹಾಕಿದಳು. ಬಾಗಿಲ ಹಿಂದೆ ಸದ್ದು ನಡೆದೇ ಇತ್ತು.

"ನಿಮಗ ಕೇಳ್ತೈತಾ ಅವ್ವಾರೆ?"

"ನೀ ಬಂದಾಗ ಮಾತ್ರ," ಎಂದಳು.

ಆರು ವರ್ಷ ಹೀಗೇ ನಡೆಯಿತು. ಡೈನಮೊ ಹೋಯಿತು, ಕಾರ್ಬುರೇಟರ್ ಹೋಯಿತು, ಗೇರುಗಳು ಹೋದವು. ಸತ್ತ ಕಾರು ಒಂದೊಂದಾಗಿ ಬದುಕಿದ ಕಾರಿನೊಳಗೆ ಬಂದು ಕೂತಿತು. ಬದುಕಿದ ಕಾರಿನ ಹಾಳುಮೂಳೆಲ್ಲ ಕೊಟ್ಟಿಗೆಗೆ ಹೋಯಿತು. ಪ್ರತಿ ಸಲವೂ ಟಿಕ್ ಟಿಕ್ ಸದ್ದು. ಪ್ರತಿ ಸಲವೂ ಅರಿಸಿನದ ಗಂಟು ಹೊಸದು, ಈಗಷ್ಟೇ ಕಟ್ಟಿದಂತೆ ಒದ್ದೆ. ಹಯಾತ್ ಸಾಬ ಅದರ ಕಡೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದ. ಹೇಡಿತನವೆಂದರೆ ಹೇಡಿತನವೇ. ತಿಳಿಯದಿರುವವರೆಗೆ ತಾನು ಕೊಲೆಗಾರನಲ್ಲ ಎಂಬ ಲೆಕ್ಕ ಅವನದು.

ಒಂದು ದಿನ ಶಿವಯೋಗಪ್ಪ ಗ್ಯಾರೇಜಿಗೆ ಬಂದು, ಕಾರಿನಿಂದ ಇಳಿಯದೆ ಹೇಳಿದ: "ಹಯಾತ್, ಈಗೀಗ ಇದರಾಗ ಕುಂತ್ರೆ ಕುಬೇರ ಹಚ್ಕೊಂತಿದ್ದ ತಲಿ ಎಣ್ಣಿ ವಾಸನಿ ಬರ್ತೈತೆ. ಹುಣಸಿ ಮರದ ತಿರುವಿಗೆ ಬಂದ್ರ ನಾನು ಕಾಲು ತೆಗೀದಿದ್ರೂ ತಾನೇ ನಿಧಾನ ಆಗ್ತೈತೆ."

"ಕಾರ್ಬುರೇಟರ್ ತೊಳೀತೀನಿ ಸಾವ್ಕಾರ್ರೆ," ಎಂದ ಹಯಾತ್ ಸಾಬ. ತೊಳೆದ. ಏನೂ ಬದಲಾಗಲಿಲ್ಲ.

ಅರವತ್ತಮೂರರಲ್ಲಿ ಕೆನೆ ಕಾರಿನ ಎಡಗಡೆಯ ಮುಂದಿನ ಗಾಲಿ ಕಟಕಟ ಎನ್ನತೊಡಗಿತು. ಬಿಚ್ಚಿ ನೋಡಿದರೆ ಗಾಲಿಯನ್ನು ಕಚ್ಚಿ ಹಿಡಿಯುವ ಹಬ್ ಹಲ್ಲು ಸವೆದು ಹೋಗಿತ್ತು. ಇನ್ನೊಂದು ತಿಂಗಳು ಓಡಿಸಿದರೆ ಗಾಲಿ ಕೈಬಿಡುವುದು ಖಚಿತ. ಮುಂಬಯಿಗೆ ಕಾಗದ ಬರೆದ. ಇಲ್ಲ ಎಂದು ಉತ್ತರ ಬಂತು. "ಕಾರು ನಿಲ್ಲಿಸಿಬಿಡ್ರಿ," ಎಂದ. ಶಿವಯೋಗಪ್ಪ ಕೇಳಲಿಲ್ಲ, "ಅದನ್ನ ನಿಲ್ಲಿಸಿದ್ರ ಅವನನ್ನ ಇನ್ನೊಂದು ಸಲ ಮಣ್ಣು ಮಾಡಿದಂಗ ಆಗ್ತೈತೆ," ಎಂದ. ಈಗ ಹಯಾತ್ ಸಾಬನಿಗೆ ತಪ್ಪಿಸಿಕೊಳ್ಳಲು ಸಂದಿ ಉಳಿಯಲಿಲ್ಲ. ಗಂಟು ಬಿಚ್ಚದಿದ್ದರೆ ಇನ್ನೊಬ್ಬನೂ ಅದೇ ರೀತಿ ಸಾಯುತ್ತಾನೆ.

ಆ ಬೆಳಿಗ್ಗೆ ಅವನು ರೊಟ್ಟಿ ಮುಟ್ಟಲಿಲ್ಲ. ರಶೀದಾ ಯಾಕೆ ಎಂದಳು. "ಬಂದು ಹೇಳ್ತೀನಿ," ಎಂದ. ಸವೆದ ಹಬ್ ಅನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದ.

ಸುಂಕಲಮ್ಮ ಚೀಲ ನೋಡಿದಳು. "ಕೊನಿಗೆ ಬಂದಿ," ಎಂದಳು, ಅಷ್ಟೇ. ತಾನೂ ಒಳಗೆ ಬಂದು ಗೋಡೆಗೊರಗಿ ಕೂತಳು. ಸತ್ತ ಪಂಪು ಟಿಕ್ ಟಿಕ್ ಎನ್ನುತ್ತಿತ್ತು. ಹಯಾತ್ ಸಾಬ ಮೊಣಕಾಲೂರಿ ಗಂಟಿಗೆ ಕೈ ಹಾಕಿದ. ಬಟ್ಟೆ ಬೆಚ್ಚಗಿತ್ತು. ಸುರುಳಿ ಸುರುಳಿಯಾಗಿ ಬಿಚ್ಚಿದ. ಕಣ್ಣಿನಿಂದ ನೋಡುವ ಧೈರ್ಯ ಬಾರದೆ ಹೆಬ್ಬೆರಳಿನಿಂದ ಅಂಚನ್ನು ಸವರಿದ. ಒಂದು ಚುಕ್ಕೆ ಸಿಕ್ಕಿತು. ಇನ್ನೊಂದಿರಬೇಕು ಎಂದು ಸುತ್ತ ಸವರಿದ. ಮತ್ತೆ ಸವರಿದ. ಮೂರನೇ ಸಲವೂ ಸವರಿದ.

ಒಂದೇ.

"ಅವ್ವಾರೆ," ಎಂದ. "ನಿಮ್ಮ ಮಗನ್ನ ನಾನೇ ಕೊಂದೀನಿ ಅವ್ವಾರೆ. ಎಡಬಲ ನಾನೇ ತಪ್ಪು ಹಾಕಿದ್ದೆ. ಆರು ವರ್ಷದಿಂದ ಅನುಮಾನ ಇತ್ತು, ನೋಡಾಕ ಹೆದರಿದೆ."

ಸುಂಕಲಮ್ಮ ನೆಲಕ್ಕೆ ಬಿದ್ದ ಅರಿಸಿನ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.

"ಅವನು ಸಂಜಿತನಕ ಜೀವ ಹಿಡಿದಿದ್ದ," ಎಂದಳು. "ನನ್ನ ಮಡಿಲಾಗ ತಲಿ ಇಟ್ಟು ಒಂದೇ ಮಾತು ಹೇಳ್ತಿದ್ದ. 'ಅವ್ವಾ, ಗಾಲಿ ನನ್ನ ಮುಂದ ಓಡ್ತಿತ್ತು. ನನ್ನ ಗಾಲಿ ನನ್ನ ಮುಂದ ಓಡ್ತಿತ್ತು.' ಗಾಲಿ ಹಾಕಿದ್ದು ಯಾರು ಅಂತ ನನಗ ಅವತ್ತೇ ಗೊತ್ತು. ನೀ ಪಂಪು ಕೇಳಾಕ ಬಂದಾಗ ಚಪ್ಪಲಿ ತಗೊಂಡು ಹೊಡೀಬೇಕು ಅನ್ನಿಸ್ತು. ಆದ್ರ ನಾನು ಹೇಳಿದ್ರ ನೀ ಅಲ್ಲ ಅಂತಿದ್ದಿ. ನೀನೇ ಬಿಚ್ಚಬೇಕಿತ್ತು."

ಹಯಾತ್ ಸಾಬ ಪಾನಾ ಕೈಗೆ ತೆಗೆದುಕೊಂಡ. ಅಲ್ಲಿ ಬೇರೆ ಮಾಡುವುದೇನೂ ಇರಲಿಲ್ಲ. ಕೈಗೆ ಗೊತ್ತಿದ್ದುದು ಕೆಲಸ ಒಂದೇ. ಒಂದು ಚುಕ್ಕೆಯ ಹಬ್ ಬಿಚ್ಚಿ ತೆಗೆದ. ಬಲಗಡೆಗೆ ಹೋಗಿ ಎರಡು ಚುಕ್ಕೆಯದನ್ನೂ ಬಿಚ್ಚಿದ. ನಿಜವಾಗಿ ಎಡದ್ದು ಅದೇ, ಶಿವಯೋಗಪ್ಪನ ಕಾರಿಗೆ ಬೇಕಾದ್ದೂ ಅದೇ. ಒಂದು ಚುಕ್ಕೆಯದನ್ನು ಬಲಕ್ಕೆ, ಅದು ಮೊದಲಿನಿಂದ ಇರಬೇಕಾದ ಜಾಗಕ್ಕೆ, ಕೂರಿಸಿದ. ಗೋಣಿಚೀಲದ ಸವೆದ ಹಬ್ ಎಡಕ್ಕೆ ಹಾಕಿದ. ಮೂಲೆಯಲ್ಲಿ ಒರಗಿಸಿಟ್ಟಿದ್ದ, ಅಂದು ಜನ ಹೊಲದಿಂದ ಹೊತ್ತು ತಂದಿದ್ದ ಗಾಲಿಯನ್ನು ತೊಡಿಸಿ ನಟ್ಟು ಬಿಗಿದ. ಹನ್ನೊಂದು ವರ್ಷದ ಮೇಲೆ ಕೆಂಪು ಕಾರಿನ ನಾಲ್ಕೂ ಗಾಲಿ ಸರಿಯಾಗಿದ್ದವು.

"ಅವ್ವಾರೆ, ಅಲ್ಲಾಡ್ಸಿ ನೋಡ್ರಿ," ಎಂದ. "ಸರಿ ಐತಾ?"

ಮುದುಕಿ ಎದ್ದು ಬಂದು ಎರಡೂ ಕೈಯಿಂದ ಗಾಲಿ ಹಿಡಿದು ಜಗ್ಗಿದಳು. ಅಲ್ಲಾಡಲಿಲ್ಲ. ಹಣೆಯನ್ನು ರಬ್ಬರಿಗೆ ಒತ್ತಿ ಹಾಗೇ ನಿಂತಳು. ಆಗಲೇ ಹಯಾತ್ ಸಾಬನಿಗೆ ಗೊತ್ತಾದದ್ದು, ಟಿಕ್ ಟಿಕ್ ಸದ್ದು ನಿಂತಿತ್ತು.

"ಸರಿ ಐತೆ," ಎಂದಳು ಸುಂಕಲಮ್ಮ. "ಇನ್ನ ಬರಬ್ಯಾಡ."

ಸಂಜೆ ರಶೀದಾಗೆ ಎಲ್ಲ ಹೇಳಿದ. ಮರುದಿನ ಶಿವಯೋಗಪ್ಪನಿಗೂ ಹೇಳಿದ. ಶಿವಯೋಗಪ್ಪ ಹೊರಗೆ ನಿಂತ ಕಾರಿನ ಕಡೆ ನೋಡುತ್ತಾ, "ಅವತ್ತು ಅವನ ಹಿಂದ ಈ ಕಾರಿನಾಗ ನಾನು ಬರ್ತಿದ್ದೆ, ಗೊತ್ತಲ್ಲ," ಎಂದ. ಹಯಾತ್ ಸಾಬನಿಗೆ ಗೊತ್ತಿರಲಿಲ್ಲ.

ಕುಬೇರಪ್ಪನ ಕಾರಿನ ಹಬ್ ಹಾಕಿದ ಮೇಲೆ ಇಬ್ಬರೂ ಕಾರು ಪರೀಕ್ಷೆಗೆ ಹರಿಹರದ ರಸ್ತೆ ಹಿಡಿದರು. ಹಯಾತ್ ಸಾಬ ನಡೆಸುತ್ತಿದ್ದ. ಬಿಸಿಲು ಬೆಳ್ಳಗೆ ಉರಿಯುತ್ತಿತ್ತು, ರಸ್ತೆಯ ಮೇಲೆ ನರಪಿಳ್ಳೆಯಿಲ್ಲ. ಹುಣಸೆ ಮರದ ತಿರುವಿಗೆ ಬಂದಾಗ ಅವನು ಗಕ್ಕನೆ ಬ್ರೇಕು ಒತ್ತಿದ. ಕಾರಿನ ಮುಂದೆ, ಹತ್ತು ಮಾರು ದೂರದಲ್ಲಿ, ಕಡ್ಡಿಗಳು ಬಿಸಿಲಿಗೆ ಹೊಳೆಯುತ್ತಾ ಒಂದು ಗಾಲಿ ಒಂಟಿಯಾಗಿ ಓಡುತ್ತಿತ್ತು. ಅವನು ಇಳಿದು ತಾವು ಬಂದ ಕಾರಿನ ಗಾಲಿ ಎಣಿಸಿದ. ನಾಲ್ಕೂ ಇದ್ದವು, ನಾಲ್ಕೂ ಬಿಗಿಯಾಗಿದ್ದವು. ಬಂದು ಸ್ಟಿಯರಿಂಗ್ ಹಿಡಿದು ಕೂತ. ಯಾಕೆ ನಿಲ್ಲಿಸಿದೆ ಎಂದು ಶಿವಯೋಗಪ್ಪ ಕೇಳಲಿಲ್ಲ. ಅವನ ಕಣ್ಣು ರಸ್ತೆಯ ಮೇಲೇ ಇತ್ತು, ಮೆಲ್ಲಗೆ ಹೊಲದ ಕಡೆಗೆ ತಿರುಗಿತು.

"ಹೋತು," ಎಂದ ಶಿವಯೋಗಪ್ಪ. "ಇನ್ನ ನಡಿ."