ಚೆಲುವರಾಜಣ್ಣನ ಹೊಟ್ಟೆಕಿಚ್ಚು

ವಿದ್ಯಾರಣ್ಯಪುರಂನ ನಮ್ಮ ಬೀದಿಯ ಪುಢಾರಿ ಚೆಲುವರಾಜಣ್ಣನಿಗೆ ಹೊಟ್ಟೆಕಿಚ್ಚು ಇರುವುದು ಪಕ್ಕದ ವಾರ್ಡಿನ ಕಾರ್ಪೊರೇಟರ್ ಮೇಲಲ್ಲ, ಪ್ಯಾಲೆಸ್ಟೀನಿನ ನಾಯಕರ ಮೇಲೆ. ಬೆಳಿಗ್ಗೆ ಗರಿಗರಿಯಾದ ಬಿಳಿ ಷರಟು ತೊಟ್ಟು ಟೀ ಅಂಗಡಿಗೆ ಬಂದವರೇ ಮೊಬೈಲಿನಲ್ಲಿ ವಿದೇಶಿ ಚಾನೆಲ್ ಹಾಕಿ ನನ್ನ ಮೂಗಿಗೆ ಹಿಡಿಯುತ್ತಾರೆ. "ನೋಡೋ, ಒಂದ್ ದೇಶದೋನು ಇವರನ್ನ ಕೈಲಾಗದೋರು ಅಂತಾನೆ, ಇನ್ನೊಬ್ಬ ನಂಬಬ್ಯಾಡಿ ಅಂತಾನೆ, ಮತ್ತೊಬ್ಬ ವೀರರು ಅಂದ್ಬುಟ್ಟ! ಬೈಸ್ಕೊಳೋಕೂ ಪುಣ್ಯ ಮಾಡಿರ್ಬೇಕು ಕಣೋ. ನನ್ನ ಯಾವನಾದ್ರೂ ಬೈದಿದಾನಾ?" ಬೈಯುವುದಿರಲಿ, ಪತ್ರಿಕೆಗಳು ಚೆಲುವರಾಜಣ್ಣನ ಹೆಸರನ್ನೂ ಹಾಕಿಲ್ಲ. ಚರಂಡಿಯ ಗುದ್ದಲಿಪೂಜೆಯಿರಲಿ, ರಕ್ತದಾನ ಶಿಬಿರವಿರಲಿ, ಇವರು ಶಾಸಕರ ಹೆಗಲ ಹಿಂದಿನಿಂದ ಕತ್ತು ಚಾಚಿ ಫೋಟೋದೊಳಗೆ ತೂರಿಕೊಳ್ಳುತ್ತಾರೆ. ಮರುದಿನ ಚಿತ್ರದ ಕೆಳಗೆ ಎಲ್ಲರ ಹೆಸರೂ ಮುಗಿದ ಮೇಲೆ "ಮತ್ತಿತರರು ಇದ್ದಾರೆ" ಎಂದಿರುತ್ತದೆ. ಇಪ್ಪತ್ತು ವರ್ಷದಿಂದ ಇವರು ಆ ಮತ್ತಿತರರು. ಹೆಂಡತಿ ಸರೋಜಮ್ಮ ಬಾಗಿಲಲ್ಲಿ ನಿಂತು, "ಮತ್ತಿತರರು ತಿಂಡಿಗೆ ಬರ್ತೀರೋ ಇಲ್ವೋ?" ಎಂದು ಕೂಗಿದರೆ ಇಡೀ ಬೀದಿ ನಗುತ್ತದೆ, ಅವರೂ ನಗುತ್ತಾರೆ, ಸ್ವಲ್ಪ ತಡವಾಗಿ. ನಿನ್ನೆ, ಪ್ಯಾಲೆಸ್ಟೀನಿನ ಜನರಿಗೆ ಯಾರು ನಾಯಕರಾಗಬೇಕೆಂದು ನಾಲ್ವರು ವಿದೇಶಿ ಪಂಡಿತರು ಮೊಬೈಲಿನಲ್ಲಿ ಕಿತ್ತಾಡುತ್ತಿದ್ದರು. ಅವರ ಬೆನ್ನ ಹಿಂದಿನ ಪರದೆಯಲ್ಲಿ ನೀರಿನ ಕ್ಯಾನು ಹಿಡಿದ ಹೆಂಗಸರ ಸಾಲು ಕಾಣುತ್ತಿತ್ತು. ಆ ಹೆಂಗಸರನ್ನು ಯಾರೂ ಏನೂ ಕೇಳಲಿಲ್ಲ, ಹೆಸರನ್ನೂ ಹಾಕಲಿಲ್ಲ. ಚೆಲುವರಾಜಣ್ಣ ಟೀ ಲೋಟ ಕೆಳಗಿಟ್ಟರು. ಮೊದಲ ಸಲ ಅವರ ದನಿಯಲ್ಲಿ ಕಿಚ್ಚಿರಲಿಲ್ಲ. "ಇವರೂ ಮತ್ತಿತರರೇ ಕಣೋ," ಅಂದರು.